ಗ್ರೂಪ್ ಫೋಟೋದಲ್ಲಿ ನಾನೆಲ್ಲಿ?

ಫೋಟೋ ತೆಗೆಯುವುದು ಒಂದು ವಿದ್ಯೆ ಎಂದು ನಾನು ಎಂದೂ ಅಂದುಕೊಂಡವಳಲ್ಲ. ಫೋನು ಎತ್ತಿ ಒತ್ತಿದರೆ ಬರುತ್ತದೆ, ಬರದಿದ್ದರೆ ಇನ್ನೊಮ್ಮೆ ಒತ್ತಿದರಾಯಿತು. ಹುಟ್ಟಿದ ಮಗುವಿನಿಂದ ಹಿಡಿದು ತಟ್ಟೆಯ ಮಸಾಲೆದೋಸೆಯವರೆಗೆ ಜಗತ್ತೇ ಹೀಗೆ ನಡೆದಿರುವಾಗ ಅದಕ್ಕೆ ಗುರು ಬೇರೆ ಬೇಕೇ? ಆದರೆ ನೋಡಿ, ಐವತ್ತು ಹತ್ತಿರವಾದಾಗ ನನಗೆ ಕನ್ನಡ ಎಂ.ಎ. ಮಾಡುವ ಹುಚ್ಚು ಹತ್ತಿತು. ಮಾಟುಂಗದಲ್ಲಿ ಶನಿವಾರ, ಭಾನುವಾರದ ಕ್ಲಾಸು. ಅಲ್ಲಿ ವಿದ್ಯಾರ್ಥಿಗಳೇ ಒಂದು ಪತ್ರಿಕೆ ತರಬೇಕೆಂದು ಮೇಡಂ ಅಪ್ಪಣೆ ಮಾಡಿದರು. ಕವಿತೆ ಬರೆಯಲು ಎಲ್ಲರೂ ಕೈ ಎತ್ತಿದರು. ಫೋಟೋ ಯಾರು ಎಂದಾಗ ಎತ್ತಿದ ಕೈಗಳೆಲ್ಲ ಇಳಿದವು. ಹಾರುತ್ತಿದ್ದ ಸೊಳ್ಳೆಯನ್ನು ಓಡಿಸಲು ನಾನು ಕೈ ಬೀಸಿದ್ದೇ ತಪ್ಪಾಯಿತು.

ನಿಜ ಹೇಳುತ್ತೇನೆ, ಒಳಗೊಳಗೆ ಖುಷಿಯೂ ಆಗಿತ್ತು. ಅದಕ್ಕೆ ಕಾರಣ ನಮ್ಮ ಅತ್ತೆ. ನಾನು ಕಲಿಯುತ್ತಿದ್ದೇನೆ ಎಂಬುದನ್ನು ಅವರು ಇದುವರೆಗೂ ನಂಬಿರಲಿಲ್ಲ. “ಈ ಪ್ರಾಯದಲ್ಲಿ ಎಂತ ಕಾಲೇಜು ಮಾರಾಯ್ತಿ? ದಾದರಿನಲ್ಲಿ ಸೀರೆ ನೋಡ್ಲಿಕ್ಕೆ ಹೋಗುವುದು, ಹೆಸರಿಗೆ ಕ್ಲಾಸು” ಎಂದು ಮುಲುಂಡಿನ ನಮ್ಮ ಬಿಲ್ಡಿಂಗಿನ ಹೆಂಗಸರಿಗೆಲ್ಲ ಹೇಳಿಟ್ಟಿದ್ದರು. ಲಿಫ್ಟಿನಲ್ಲಿ ಸಿಕ್ಕವರು ನನ್ನ ಮುಖ ಬಿಟ್ಟು ಕೈಚೀಲ ನೋಡುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಒಂದು ದಿನ ರೇಗಿ, “ಪತ್ರಿಕೆಯಲ್ಲಿ ನಮ್ಮ ಕ್ಲಾಸಿನ ಗ್ರೂಪ್ ಫೋಟೋ ಬರುತ್ತದೆ, ಆಗ ನೋಡಿ” ಎಂದೆ. “ಬರ್ಲಿ. ಅದರಲ್ಲಿ ನೀನು ಕಂಡ್ರೆ ಮತ್ತೆ ನಾನು ಚಕಾರ ಎತ್ತುವುದಿಲ್ಲ” ಎಂದರು ಅತ್ತೆ. ಅಲ್ಲಿಗೆ ಪಂದ್ಯ ನಿಶ್ಚಯವಾಯಿತು.

ನನ್ನ ಗುರು ಸಾನಿಕಾ, ನಮ್ಮ ಕ್ಲಾಸಿನ ಅತಿ ಕಿರಿಯಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಜ್ಜಿಯ ಭಾಷೆ ಕಲಿಯಬೇಕೆಂದು ಸೇರಿದವಳು. ತನ್ನ ಅಪ್ಪನ ಕ್ಯಾಮೆರಾ ನನ್ನ ಕೊರಳಿಗೆ ಹಾಕಿ, “ಆಂಟಿ, ಪೆಹಲೇ ಫೋಕಸ್ ಮಾಡಿ, ಫಿರ್ ಕ್ಲಿಕ್ ಮಾಡಿ. ಉಲ್ಟಾ ಮತ್ ಮಾಡಿ” ಎಂದಳು. ಉಲ್ಟಾನೇ ಮಾಡಿದೆ. ಮೇಡಂ ಅವರ ಫೋಟೋದಲ್ಲಿ ಮೇಡಂ ಮಸುಕು, ಹಿಂದಿನ ನೀರಿನ ಟಾಕಿ ಸ್ಪಷ್ಟ. ಛಲ ಬಿಡದೆ ದಾದರ್ ಸ್ಟೇಷನ್ನಿನಲ್ಲಿ ಜನಜಂಗುಳಿಯ ಫೋಟೋ ತೆಗೆಯಲು ನಿಂತೆ. ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದ ಫಾಸ್ಟ್ ಲೋಕಲ್ ಬಂತು. ನಾನು ಫೋಕಸ್ ಮಾಡುತ್ತಿರುವಾಗಲೇ ಹಿಂದಿದ್ದ ಮಹಿಳಾಮಣಿಗಳು ನನ್ನನ್ನು ಕ್ಯಾಮೆರಾ ಸಮೇತ ಒಳಗೆ ನೂಕಿದರು. ಪಕ್ಕದ ಮಾಟುಂಗಕ್ಕೆ ಹೋಗಬೇಕಾದವಳು ಕುರ್ಲಾದಲ್ಲಿ ಇಳಿದು ವಾಪಸು ಬಂದೆ. ಜನಜಂಗುಳಿಯ ಫೋಟೋ ಮಾತ್ರ ಚೆನ್ನಾಗಿಯೇ ಬಂದಿತ್ತು, ಯಾರದೋ ಒಂದು ಕಂಕುಳು ಪೂರ್ತಿ ಫೋಕಸ್ಸಿನಲ್ಲಿ.

ಗ್ರೂಪ್ ಫೋಟೋದ ಭಾನುವಾರ ಮೆಗಾಬ್ಲಾಕ್ ಇತ್ತು. ಮೆಗಾಬ್ಲಾಕ್ ಎಂದರೆ ಹಳಿ ರಿಪೇರಿಗೆಂದು ರೈಲು ನಿಲ್ಲಿಸಿ, ಮುಂಬಯಿಯವರಿಗೆ ತಾಳ್ಮೆ ಕಲಿಸುವ ವ್ಯವಸ್ಥೆ. ಸಾನಿಕಾ ಎಲ್ಲೋ ನಡುದಾರಿಯಲ್ಲಿ ಸಿಕ್ಕಿಕೊಂಡಳು. ಉಳಿದವರಿಗೆ ಊಟದ ಹೊತ್ತಾಗಿತ್ತು. ಎಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿ, ಕ್ಯಾಮೆರಾಕ್ಕೆ ಟೈಮರ್ ಕೊಟ್ಟು, ಸೆರಗು ಸಿಕ್ಕಿಸಿ ಓಡಿದೆ. ಬಂದದ್ದು ನನ್ನ ಬೆನ್ನು, ಅದರ ಹಿಂದೆ ಅಡಗಿದ ಮೇಡಂ. ಕಡೆಗೆ ನನ್ನನ್ನು ಬಿಟ್ಟು ಮಿಕ್ಕವರ ಫೋಟೋ ತೆಗೆದೆ. ಎಲ್ಲರೂ ಹೋದಮೇಲೆ ಸಾನಿಕಾ ಏದುಸಿರು ಬಿಡುತ್ತ ಬಂದಳು. ಅದೇ ಗೋಡೆಯ ಮುಂದೆ ಅವಳನ್ನು ನಾನು, ನನ್ನನ್ನು ಅವಳು ಬೇರೆ ಬೇರೆ ತೆಗೆದೆವು. “ಟೆನ್ಶನ್ ನಕೋ ಆಂಟಿ, ಕಂಪ್ಯೂಟರಿನಲ್ಲಿ ಇಬ್ಬರನ್ನೂ ಗ್ರೂಪ್ ಫೋಟೋದಲ್ಲಿ ಚಿಪಕಾಯಿಸುವಾ” ಎಂದಳು.

ಹೀಗೆ ನನ್ನ ಎಡಿಟಿಂಗ್ ವಿದ್ಯಾಭ್ಯಾಸ ಶುರುವಾಯಿತು. ಒಬ್ಬರನ್ನು ಕತ್ತರಿಸಿ ಇನ್ನೊಬ್ಬರ ಪಕ್ಕ ಕೂರಿಸುವುದು, ಒಂದು ಕಡೆಯ ಚರ್ಮ ತೆಗೆದು ಇನ್ನೊಂದು ಕಡೆಗೆ ತೇಪೆ ಹಾಕುವುದು, ಆಹಾ! ಮೊದಲ ತೇಪೆಗೆ ಬಲಿಯಾದವರು ಭೀಮಶಿ. ವಿಜಯಪುರದ ಕಡೆಯವರು, ಕಟ್ಟಡದ ಕೆಲಸದಲ್ಲಿ ಸೂಪರ್‌ವೈಸರ್, ನನ್ನ ಸಹಪಾಠಿ. ಅವರ ಕೆನ್ನೆಯ ಮೇಲಿನ ನೆರಳು ಅಳಿಸಲು ಹೋಗಿ ಮೀಸೆಯ ಅರ್ಧವನ್ನೇ ಅಳಿಸಿದ್ದೆ. ಫೋನಿನಲ್ಲಿ ಕಳಿಸಿದ ಐದೇ ನಿಮಿಷಕ್ಕೆ ಕರೆ ಬಂತು. “ಅಕ್ಕಾರ, ನನ್ನ ಮೀಸಿ ಎಲ್ಲಿ ಹೋತ್ರೀ? ಊರಾಗ ನಮ್ಮ ಮಾವ ನೋಡಿದ್ರ ಏನಂದಾನು! ಮೊದಲ ಇದ್ದಂಗ ಮಾಡ್ರೀ ಯವ್ವಾ.” ಮಾಡಿಕೊಟ್ಟೆ. ತಪ್ಪಿಗೆ ದಂಡವಾಗಿ ಇನ್ನಷ್ಟು ದಪ್ಪ ಮಾಡಿದೆ. ಅವರು ಆಕ್ಷೇಪಿಸಲಿಲ್ಲ.

ಕೊನೆಗೆ ನನ್ನ ಸರದಿ. ನನ್ನನ್ನು ಮೇಡಂ ಪಕ್ಕಕ್ಕೆ ಕೂರಿಸಿದೆ. ಕಣ್ಣ ಕೆಳಗೆ ಕಪ್ಪು ಕಂಡಿತು, ಒರೆಸಿದೆ. ಹಣೆಯ ಗೆರೆ ಒರೆಸಿದೆ. ಗಲ್ಲದ ಕೆಳಗಿನ ಇನ್ನೊಂದು ಗಲ್ಲ ಅನವಶ್ಯಕವೆನಿಸಿತು. ನರೆಗೂದಲು ಮೆಗಾಬ್ಲಾಕಿನ ಬಿಸಿಲಿನ ಪ್ರಭಾವವೆಂದು ತೀರ್ಮಾನಿಸಿ ಕಪ್ಪಾಗಿಸಿದೆ. ಸಾನಿಕಾ ನೋಡಿ, “ಆಂಟಿ, ಇತ್ನಾ ಸ್ಮೂತ್ ಮತ್ ಮಾಡಿ, ನೀವು ನೀವಲ್ಲ ಆಗ್ತೀರಿ” ಎಂದಳು. ಸಣ್ಣ ಹುಡುಗಿ, ಅವಳಿಗೇನು ಗೊತ್ತು ಎಂದುಕೊಂಡು ಪ್ರೆಸ್ಸಿಗೆ ಕಳಿಸಿಬಿಟ್ಟೆ.

ಪತ್ರಿಕೆ ಬಂತು. ಅತ್ತೆಯ ಕೈಗೆ ಕೊಟ್ಟು ಎದುರಿಗೇ ಕುಳಿತೆ. ಅವರು ಕನ್ನಡಕ ಏರಿಸಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು ನೋಡಿದರು. “ಇದು ನಿಮ್ಮ ಮೇಡಮ್ಮಾ? ಈ ಮೀಸೆಯವ ಯಾರು, ಪೊಲೀಸಾ?” ಬೆರಳು ಕೊನೆಯ ಸಾಲು ಮುಟ್ಟಿತು. “ನೀನೆಲ್ಲಿದ್ದಿ? ನಾನು ಹೇಳ್ಲಿಲ್ವಾ! ಇಲ್ಲವೇ ಇಲ್ಲ.” ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳು ಹಿಂದಕ್ಕೆ ಸರಿದು ಮೇಡಂ ಪಕ್ಕದಲ್ಲಿ ನಿಂತಿತು. “ಇದು ಯಾರ ಮನೆಯ ಹುಡುಗಿ? ಭಾರೀ ಲಕ್ಷಣ ಉಂಟು. ಕಣ್ಣು ನೋಡು, ಎಷ್ಟು ಪಾಪದವಳು, ಸಾಧು! ನಮ್ಮ ತಂಗಿಯ ಮೊಮ್ಮಗ ವಾದಿರಾಜನಿಗೆ ಹೇಳಿ ಮಾಡಿಸಿದ ಹಾಗೆ ಉಂಟು. ಜಾತಕ ಸಿಗ್ತದಾ ಕೇಳು.”

ಅದು ನಾನೇ ಎಂದರೆ ಪಂದ್ಯ ನನ್ನದು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಕಾಲು ಶತಮಾನದ ಹಿಂದೆ ಹೆಣ್ಣು ನೋಡುವ ಮೊದಲು ಕಳಿಸಿದ್ದ ನನ್ನ ಫೋಟೋ ಕಂಡು ಇದೇ ಅತ್ತೆ ಹೇಳಿದ್ದು ಒಂದೇ ಮಾತಂತೆ: “ಅಡ್ಡಿಲ್ಲ.”

“ಅವಳಿಗೆ ಮದುವೆಯಾಗಿದೆ ಅತ್ತೆ” ಎಂದೆ.

“ಛೆ!” ಅತ್ತೆ ನಿಟ್ಟುಸಿರು ಬಿಟ್ಟು ಪತ್ರಿಕೆ ಮಡಚಿದರು. “ಇಂಥ ಸೊಸೆ ಸಿಗ್ಲಿಕ್ಕೆ ಅವಳ ಅತ್ತೆ ಎಷ್ಟು ಪುಣ್ಯ ಮಾಡಿದ್ದಾಳೋ ಏನೋ.”

ಪಂದ್ಯ ಸೋತೆ. ಈಗಲೂ ಬಿಲ್ಡಿಂಗಿನಲ್ಲಿ ನಾನು ಸೀರೆ ನೋಡಲು ಹೋಗುವವಳೇ. ಹೋಗಲಿ ಬಿಡಿ, ಆ ಪುಣ್ಯದ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳುವ ಆಸೆಗೆ ನಾನೇ ಆಗಾಗ ಪತ್ರಿಕೆ ತೆರೆದು ಅತ್ತೆಯ ಮುಂದೆ ಇಡುತ್ತಿರುತ್ತೇನೆ.