ಹುಳುವಿಗೊಬ್ಬ ಕಫೀಲ್

ಕುವೈತಿನಲ್ಲಿ ಹುಳುವಿಗೆ ಕಫೀಲ್ ಆದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ಧಾರವಾಡದವರು, ರಿಫೈನರಿಯಲ್ಲಿ ಟೆಕ್ನಿಷಿಯನ್. ನಾನೂ ಅಲ್ಲೇ ಕೆಲಸಕ್ಕೆ ಸೇರಿ, ಮಂಗಫ್‌ನ ಅವರ ಫ್ಲ್ಯಾಟಿನಲ್ಲಿದ್ದೆ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಒಂದು ದಿನ ಕಾಕಾನ ಹೆಂಡತಿ, ನಮ್ಮ ಕಾಕು, ಅಮೆರಿಕದ ಲೆಟಿಸ್ ಸೊಪ್ಪು ಬಿಡಿಸುತ್ತಿದ್ದಾಗ ಬೂದು ಹುಳುವೊಂದು ಉರುಳಿ ಬಿತ್ತು. ಕಾಕು ಚಪ್ಪಲಿ ಎತ್ತಿದರು.

"ಏ, ತಡಿ! ಸಸಿ ಬುಡ ಕತ್ತರಸೋ ಹುಳ ಅದು. ಆದ್ರ ಈ ಜಾತಿ ನಾ ನೋಡೇ ಇಲ್ಲ," ಎಂದರು ಕಾಕಾ.

"ಜಾತಿ ಯಾಕ? ಬೀಗತನ ಮಾಡಾವ್ರಿದ್ದೀರೇನು?"

"ಇಲ್ಲಿಗೆ ಬಂದಾವ್ರಿಗೆಲ್ಲ ಜವಾಬ್ದಾರಿ ಹೊರಾಕ ಒಬ್ಬ ಕಫೀಲ್ ಇರ್ತಾನ. ಇದಕ್ಕ ನಾನ. ಖಲಾಸ್!"

ಫೋಟೋ ಇಂಟರ್ನೆಟ್ಟಿಗೆ ಹೋಯಿತು. ಅಮೆರಿಕದ ಪತಂಗಪ್ರೇಮಿಯೊಬ್ಬರು ಉತ್ತರಿಸಿದರು: ತಮ್ಮ ನಾಡಿನವರೇ ಸರಿಯಾಗಿ ಅರಿಯದ ಕಟ್‌ವರ್ಮ್ ಪತಂಗದ ಮರಿ ಇರಬಹುದು, ರೆಕ್ಕೆ ಬಂದು ಪೂರ್ತಿ ಬಿಚ್ಚಿದರೆ ಮಾತ್ರ ಹೆಸರು ಹೇಳಬಲ್ಲೆ. ಕಾಕಾನಿಗೆ ಅಷ್ಟು ಸಾಕಾಯಿತು!

ಈ ಹುಳು ಕೋಶವಾಗುವುದು ಮಣ್ಣಿನೊಳಗೆ. ಮರಳುನಾಡಿನಲ್ಲಿ ಮಣ್ಣೆಲ್ಲಿ? ತುಳಸಿಗೆಂದು ಕಾಕು ಊರಿನಿಂದ ಬ್ಯಾಗಿನಲ್ಲಿ ಹೊತ್ತು ತಂದಿದ್ದ ಎರೆಮಣ್ಣಿನಲ್ಲಿ ಎರಡು ಹಿಡಿ, ಉಪ್ಪಿನಕಾಯಿ ಬಾಟಲಿಯಲ್ಲಿ ಪ್ರತ್ಯಕ್ಷವಾಯಿತು.

"ತುಳಸಿ ಮಣ್ಣು ಹುಳಕ್ಕ ಹಾಕೀರಿ? ಈ ಮನ್ಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು!"

ಕಾಕಾ ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು. ಆ ವಾರವೆಲ್ಲ ಅವರಿಗೆ ಅಂಗಡಿಯ ಖುಬ್ಬೂಸ್ ರೊಟ್ಟಿಯೇ ಗತಿ!

ಹುಳು ಮಣ್ಣಿಗಿಳಿದು ಕೋಶವಾಯಿತು. ಆಗಲೇ ಎಸಿ ಕೆಡಬೇಕೆ? ರಿಪೇರಿಯಾಗುವವರೆಗೆ ಬಾಟಲಿಯೂ ಕಾಕಾನ ಜೊತೆ ಕಂಪನಿ ಬಸ್ಸಿನಲ್ಲಿ ತಂಪಾದ ಆಫೀಸಿಗೆ ಹೋಗಿಬಂತು.

"ಅಚಾರ್ ಹೈ ಕ್ಯಾ, ಭಾಯಿ?" ಎಂದು ಬಸ್ಸಿನಲ್ಲಿ ಪಕ್ಕದ ಸೀಟಿನವನು ಉಪ್ಪಿನಕಾಯಿಯ ಆಸೆಯಿಂದ ಕೇಳಿದ.

"ನಹೀಂ ಭಾಯಿ, ಮೆಹಮಾನ್ ಹೈ," ಎಂದು ಕಾಕಾ ಅತಿಥಿಯನ್ನು ಪರಿಚಯಿಸುವಂತೆ ಬಾಟಲಿ ಎತ್ತಿ ತೋರಿಸಿದರು. ಗಾಜಿಗೆ ಒತ್ತಿಕೊಂಡಿದ್ದ ಕೋಶ ಒಮ್ಮೆ ಹೊರಳಿತು. ಆಮೇಲೆ ಆ ಸೀಟಿಗೆ ಯಾರೂ ಬರಲಿಲ್ಲ!

ಎಸಿ ಸರಿಯಾಗಿ, ಬಾಟಲಿ ಮನೆಯಲ್ಲಿ ಉಳಿದ ಮೇಲೆ ಒಂದು ಮಧ್ಯಾಹ್ನ ಕಾಕು ಫೋನ್ ಮಾಡಿದರು. "ರೀ, ಹೊರಗ ಬರಾಕತ್ತೇತಿ! ಯಲ್ಲಾ, ಲಗೂ ಬರ್ರಿ!"

ರಜೆ ಕೇಳಿ ಇಬ್ಬರೂ ಓಡಿದೆವು. ಬಾಗಿಲು ತೆರೆದರೆ ಒಲೆಯೊಳಗೆ ತಲೆಯಿಟ್ಟಂತಾಯಿತು. ಎಸಿ ಆರಿತ್ತು. ಕಾಕು ಬಾಟಲಿಯೆದುರು ನೆಲದ ಮೇಲೆ ಕೂತಿದ್ದರು. ಮುಖ ಕೆಂಪಾಗಿ, ಸೆರಗು ಬೆವರಿಗೆ ಒದ್ದೆಯಾಗಿತ್ತು. ಬಾಟಲಿಯೊಳಗೆ, ಅವರೇ ಮುರಿದಿಟ್ಟ ತುಳಸಿ ಕಡ್ಡಿಗೆ ಜೋತುಬಿದ್ದು, ಮಣ್ಣುಬಣ್ಣದ ಪತಂಗ ಒಂದು ಸುಕ್ಕೂ ಇಲ್ಲದೆ ರೆಕ್ಕೆ ಬಿಚ್ಚಿತ್ತು.

"ಎಸಿ ಯಾಕ ಆರಿಸಿದಿ?"

"ಗಾಳಿಗೆ ರೆಕ್ಕಿ ಮುದುಡಿದ್ರ? ನಿಮಗ ಅದರ ಹೆಸರು ಗೊತ್ತಾಗಬೇಕಲ್ಲ..."

ಕಾಕಾನ ಕೈಯಲ್ಲಿ ಕ್ಯಾಮೆರಾ ಸಿದ್ಧವಾಗಿತ್ತು. ಅವರು ಅದನ್ನು ನನಗೆ ಕೊಟ್ಟು, ಟವೆಲ್ ನೀರಿಗೆ ಅದ್ದಿ ತಂದು, ಕಾಕುವಿನ ಮುಖವನ್ನು ನಿಧಾನವಾಗಿ ಒರೆಸತೊಡಗಿದರು.