ಗುಟ್ಟು ಕಾಯುವ ಝೆರಾಕ್ಸ್ ಅಂಗಡಿ

ಝೆರಾಕ್ಸ್ ಅಂಗಡಿ ಇಟ್ಟವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ತಾನಾಗಿ ಆಧಾರ್ ಕಾರ್ಡ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತದೆ. ಕಾಗವಾಡದಿಂದ ಶೇಡಬಾಳದ ಕಡೆ ಹೋಗುವಾಗ ಸಿಗುವ ಒಂದು ಊರು ನಮ್ಮದು. ಬಸ್ ಸ್ಟಾಪಿನ ಎದುರಿಗೇ ಅಂಗಡಿ. ಝೆರಾಕ್ಸ್, ಪಹಣಿ, ಪೆನ್ಶನ್ನು, ಆನ್‌ಲೈನ್ ಅರ್ಜಿ, ಏನು ಬೇಕೋ ಅದು. ಊರಿಗೆಲ್ಲ ನಾನು ‘ಝೆರಾಕ್ಸ್ ವೈನಿ’, ಅಂದರೆ ಝೆರಾಕ್ಸ್ ಅತ್ತಿಗೆ. ನನ್ನ ಗಂಡನ ಹೆಸರು ಬಹಳ ಮಂದಿಗೆ ಗೊತ್ತಿಲ್ಲ, ಅವರ ಫೋನ್ ನಂಬರು ಮಾತ್ರ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿದೆ.

ಊರಿನವರ ಹುಟ್ಟಿದ ತಾರೀಖು, ಹೆಬ್ಬೆಟ್ಟು, ಹೊಲದ ಸರ್ವೆ ನಂಬರು, ಸಕ್ಕರೆ ಕಾಯಿಲೆಯ ರಿಪೋರ್ಟು, ಎಲ್ಲವೂ ನನ್ನ ಕೈಯ ಮೇಲೆಯೇ ಹಾದುಹೋಗುತ್ತವೆ. ಅದರಲ್ಲಿ ಒಂದು ಸಾಲು ಹೊರಗೆ ಹೋದರೂ ಮರುದಿನದಿಂದ ನನ್ನ ಮೆಟ್ಟಿಲು ಯಾರೂ ಹತ್ತುವುದಿಲ್ಲ. ಹತ್ತಲೂಬಾರದು. ಅದಕ್ಕೇ ಬಾಗಿಲ ಮೇಲೆ ಬರೆಸಿ ಹಾಕಿದ್ದೇನೆ: ‘ನಿಮ್ಮ ಗುಟ್ಟು ಈ ಅಂಗಡಿ ದಾಟುವುದಿಲ್ಲ.’ ಬರೆದ ಪೇಂಟರ್‌ಗೆ ಒಂದು ತಾಸಿನ ಕೆಲಸ ಆಯಿತು. ಕಾಯುವ ಕೆಲಸ ನನ್ನ ತಲೆಯ ಮೇಲೆ ಬಂದು ಕೂತಿತು.

ಕಾಕಾನ ಓಟಿಪಿ

ದ್ರಾಕ್ಷಿ ತೋಟದ ಕಾಕಾ ಒಬ್ಬರಿದ್ದಾರೆ. ಅವರ ಫೋನು ಯಾವಾಗಲೂ ಮನೆಯಲ್ಲಿ, ಅವರು ಯಾವಾಗಲೂ ಹೊರಗೆ. ಅರ್ಜಿ ಹಾಕಲು ಬಂದಾಗಲೆಲ್ಲ ಓಟಿಪಿ ಮನೆಯ ಫೋನಿಗೆ ಹೋಗುತ್ತಿತ್ತು. ಮನೆ ರಸ್ತೆಯ ಆಚೆ ಕಡೆ. ಕಾಕಾ ಅಂಗಡಿ ಮುಂದೆ ನಿಂತು ಸೊಸೆಯನ್ನು ಕೂಗುತ್ತಿದ್ದರು, ಸೊಸೆ ಮಾಳಿಗೆಯ ಮೇಲಿಂದ ಅಂಕಿ ಕೂಗುತ್ತಿದ್ದಳು, ಮಿರಜ ಬಸ್ಸಿಗೆ ನಿಂತವರು ಅಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿತು.

“ಕಾಕಾ, ಅದು ಮನಿ ಕೀಲಿಕೈ ಇದ್ದಂಗ್ರಿ. ಯಾರಿಗೂ ಹೇಳಬಾರದು.”

“ಯಾರಿಗೂ?”

“ಯಾರಿಗೂ.”

“ನಿಮಗೂ?”

“ನನಗೂ ಹೇಳಬ್ಯಾಡ್ರಿ. ನೀವ ಬಂದು ಒತ್ರಿ.”

ಮುಂದಿನ ಸಲ ಕಾಕಾ ಫೋನು ಹಿಡಿದುಕೊಂಡೇ ಬಂದರು. ಸಾಲಿನಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿದರು. ಬಾಗಿಲು ಮುಂದೆ ಮಾಡಿದರು. ನನ್ನನ್ನು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದರು. ಆಮೇಲೆ ನನ್ನ ಖುರ್ಚಿಯಲ್ಲಿ ಕೂತು, ಒಂದೊಂದೇ ಗುಂಡಿ ಹುಡುಕುತ್ತ, ತೋಟದಲ್ಲಿ ಆಳುಗಳನ್ನು ಕರೆಯುವ ದನಿಯಲ್ಲಿ ಶುರು ಮಾಡಿದರು: “ನಾಕು... ನಾಕು ಎಲ್ಲೈತಿದು... ಹಾಂ, ಸಿಕ್ತು! ಏಳು... ಎರಡು...”

ಬಸ್ಸಿಗೆ ನಿಂತವರಲ್ಲಿ ಒಬ್ಬ ಹೊರಗಿನಿಂದಲೇ ಕೇಳಿದ, “ಕಾಕಾ, ಎರಡರ ಮುಂದ ಏನ್ರಿ?”

ಭಜಿಯ ಕೆಳಗೆ ಮಾಸ್ತರು

ನಮ್ಮ ಮನೆಯವರು ಏನನ್ನೂ ಎಸೆಯುವವರಲ್ಲ. ಮಸಿ ಹತ್ತಿದ, ಸೊಟ್ಟಗೆ ಬಂದ ಝೆರಾಕ್ಸ್ ಹಾಳೆಗಳನ್ನು ನನಗೆ ಗೊತ್ತಿಲ್ಲದಂತೆ ಎದುರಿನ ಮಿರ್ಚಿ ಭಜಿಯವನಿಗೆ ಕೊಡುತ್ತಿದ್ದರು. ಬದಲಿಗೆ ಅವನು ಸಂಜೆ ಬಿಸಿ ಭಜಿ ಕಳಿಸುತ್ತಿದ್ದ. ಎದುರಂಗಡಿಯವನ ಪ್ರೀತಿ ಅಂದುಕೊಂಡು ನಾನೂ ತಿನ್ನುತ್ತಿದ್ದೆ.

ಒಂದು ಸಂಜೆ ನಮ್ಮೂರ ರಿಟಾಯರ್ಡ್ ಮಾಸ್ತರು ಭಜಿಯ ಪೊಟ್ಟಣ ಹಿಡಿದುಕೊಂಡು ಬಂದರು. ಸಿಟ್ಟಿಲ್ಲ, ಸೆಡವಿಲ್ಲ. ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಶಾಲೆಯಲ್ಲಿ ಕೇಳುವಂತೆ ಕೇಳಿದರು: “ಇದರಾಗ ಏನ್ ತಪ್ಪೈತಿ, ಹುಡುಕ್ರಿ.”

ಬಿಚ್ಚಿದೆ. ಮೇಲೆ ನಾಲ್ಕು ಭಜಿ. ಕೆಳಗೆ ಮಾಸ್ತರು. ಅವರದೇ ಫೋಟೋ, ಅವರದೇ ವಿಳಾಸ, ಅವರದೇ ಹನ್ನೆರಡು ಅಂಕಿ.

ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ತಪ್ಪಾತ್ರಿ ಮಾಸ್ತರ” ಎಂದು ಕೈ ಮುಗಿದೆ. ಆಮೇಲೆ ಗಂಡನ ಕಡೆ ತಿರುಗಿದೆ. ನನ್ನ ಕಣ್ಣು ನೋಡಿದ್ದೇ ಅವರು ನಾನು ಕೇಳದ್ದನ್ನೂ ಒಪ್ಪಿಕೊಂಡುಬಿಟ್ಟರು. ಬಂದವರ ಕಾರ್ಡನ್ನೆಲ್ಲ ಕಂಪ್ಯೂಟರಿನಲ್ಲಿಯೂ ಕೂಡಿ ಹಾಕಿಟ್ಟಿದ್ದಾರಂತೆ. ಫೋಲ್ಡರಿನ ಹೆಸರು ‘ಊರು’.

“ಮುಂದ ಯಾವಾಗರೆ ಬೇಕಾಗ್ತಾವಂತ...”

“ಇವತ್ತ ಅಳಿಸ್ರಿ!”

“ಅಳಿಸ್ತೀನಿ.”

ಅವತ್ತಿನಿಂದ ಕೆಟ್ಟ ಹಾಳೆ ನಾಲ್ಕು ಚೂರಾಗಿ ನೀರಿನ ಬಕೆಟ್ಟಿಗೆ ಬೀಳಬೇಕು ಎಂದು ಅಲ್ಲೇ ಹುಕುಂ ಹೊರಡಿಸಿದೆ. ನಮ್ಮ ಜಗಳ ಮುಗಿಯುವವರೆಗೂ ಮಾಸ್ತರು ಆ ಎಣ್ಣೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಕೊನೆಗೆ ಅಂದರು, “ಒಂದ್ ಮಾತು ಖರೇ ವೈನಿ. ಆಧಾರ್ ಫೋಟೋದಾಗ ನನ್ನ ಮುಖಕ್ಕ ಹಿಂಗ ಕಳಾ ಬಂದಿದ್ದು ಇದ ಮೊದಲು.”

ಕಂಬದ ಬುಡ

ಊರ ಕಟ್ಟೆಯ ಹತ್ತಿರ ಪಂಚಾಯ್ತಿಯವರು ಕಂಬ ನೆಟ್ಟು ಕ್ಯಾಮೆರಾ ಕೂಡಿಸಿದರು. ಕಳ್ಳರಿಗಾಗಿ ಅಂತೆ. ಕಟ್ಟೆಯ ಮೇಲೆ ಕೂಡುವ ನಮ್ಮ ಹಿರಿಯರಿಗೆ ಕದಿಯುವ ವಯಸ್ಸು ಯಾವಾಗಲೋ ದಾಟಿದೆ, ಅವರು ಮಾಡುವುದೆಲ್ಲ ಪಂಚಾಯ್ತಿಯನ್ನು ಬೈಯುವುದು. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಚಹಾ ರುಚಿ ಹತ್ತಲಿಲ್ಲ.

ಮೂರನೆಯ ದಿನ ಮಾಸ್ತರು ಸೀಮೆಸುಣ್ಣ ತಂದರು. ನೆಲದ ಮೇಲೆ ಗೆರೆ ಎಳೆದು, ಕೋನ ಅಳೆದು, ಕ್ಯಾಮೆರಾಕ್ಕೆ ಕಾಣದ ಜಾಗ ಯಾವುದೆಂದು ಲೆಕ್ಕ ಹಾಕಿ ತೋರಿಸಿದರು: ಕ್ಯಾಮೆರಾ ಇದ್ದ ಕಂಬದ ಬುಡವೇ. ಅರ್ಧ ತಾಸಿನಲ್ಲಿ ಬೆಂಚು ಅಲ್ಲಿಗೆ ಬಂತು, ಬೈಗುಳವೂ ಬಂತು.

ಒಂದು ದಿನ ಪಂಚಾಯ್ತಿ ಸಾಹೇಬರು ನೆಟ್ಟಗೆ ಬೆಂಚಿನ ಕಡೆಗೇ ನಡೆದು ಬಂದರು. ಎಲ್ಲರೂ ಬೈಗುಳ ಬಿಟ್ಟು ಮಳೆ-ಬೆಳೆಯ ಮಾತಿಗೆ ಇಳಿದರು. ಸಾಹೇಬರು ಮೇಲೆ ಕ್ಯಾಮೆರಾ ನೋಡಿದರು, ಕೆಳಗೆ ಬೆಂಚು ನೋಡಿದರು, ದನಿ ತಗ್ಗಿಸಿ ಅಂದರು: “ಸ್ವಲ್ಪ ಸರಕೊಂಡ ಕೂಡ್ರಿ. ಮ್ಯಾಲಿನ ಸಾಹೇಬ್ರು ಚಿಕ್ಕೋಡ್ಯಾಗ ಕುಂತು ಇದನ್ನ ಫೋನಿನ್ಯಾಗ ನೋಡ್ತಾರಂತ. ನಾ ಎಲ್ಲಿ ಚಹಾ ಕುಡೀಲಿ?”

ಆಯಿಯ ಮುಖ

ಸತ್ತಿ ಎಂಬ ಊರಿನಿಂದ ಸೊಸೆಯಾಗಿ ಬಂದಿದ್ದಕ್ಕೆ ಊರೆಲ್ಲ ಆಕೆಯನ್ನು ‘ಸತ್ತಿ ಆಯಿ’ ಎಂದೇ ಕರೆಯುತ್ತದೆ. ಎಮ್ಮೆ ಸಾಕಿ ಹಾಲು ಹಾಕುವ ಅಜ್ಜಿ. ವರ್ಷಕ್ಕೊಮ್ಮೆ ಪೆನ್ಶನ್ನಿಗಾಗಿ ತಾನು ಬದುಕಿದ್ದೇನೆ ಎಂದು ತೋರಿಸಲು ನನ್ನ ಅಂಗಡಿಗೆ ಬರುತ್ತಾಳೆ. ಹಾಲು ಹಿಂಡಿ ಹಿಂಡಿ ಹೆಬ್ಬೆಟ್ಟಿನ ಗೆರೆಗಳು ಸವೆದಿವೆ, ಆದ್ದರಿಂದ ಮುಖ ತೋರಿಸಬೇಕು. ಈ ಸಲ ಬಂದಾಗ ಫೋನು ಎದುರಿಗೆ ಹಿಡಿದೆ. ‘ಮುಖ ಹೊಂದಿಕೆಯಾಗುತ್ತಿಲ್ಲ’ ಅಂದಿತು. ಸೆರಗು ಸರಿಸಿ ಹಿಡಿದೆ. ಹೊಂದಿಕೆಯಾಗಲಿಲ್ಲ. ಬೆಳಕಿಗೆ ಕರೆದುಕೊಂಡು ಹೋಗಿ ಹಿಡಿದೆ. ಇಲ್ಲ.

“ಹುಟ್ಟಿದಾಗಿಂದ ಇದ ಮುಖ ಹೊತಗೊಂಡ ತಿರಗಾಕತ್ತೀನಿ. ಇದಕ್ಕ ಗುರುತ ಸಿಗವಲ್ದಂತ!” ಎಂದು ಆಯಿ ಫೋನನ್ನೇ ದುರುಗುಟ್ಟಿ ನೋಡಿದಳು.

ಏಳನೆಯ ಸಲಕ್ಕೆ ಫೋನು ಕಣ್ಣು ಮಿಟುಕಿಸಲು ಹೇಳಿತು. “ಆಯಿ, ಒಮ್ಮೆ ಕಣ್ಣ ಮುಚ್ಚಿ ತಗೀರಿ, ಇದು ನೋಡ್ತೈತಿ” ಅಂದೆ.

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಯವ್ವಾ! ಹರೇದಾಗ ಒಬ್ಬ ಗಂಡಸಿಗೆ ಕಣ್ಣ ಹೊಡದಾಕಿ ಅಲ್ಲ ನಾ. ಈಗ ಹೋಗಿ ಹೋಗಿ ಸರಕಾರಕ್ಕ ಹೊಡೀಲೇನ?”

ಬಿಳಿ ಶರ್ಟಿನವನ ಸಮೀಕ್ಷೆ

ಇದನ್ನು ನೆನೆದರೆ ಈಗಲೂ ಮೊದಲು ಹೆದರಿಕೆಯಾಗುತ್ತದೆ, ಆಮೇಲೆ ನಗು ಬರುತ್ತದೆ.

ಅವತ್ತು ಎಮ್ಮೆಗಳ ವಿಮೆಯ ಅರ್ಜಿ ತುಂಬುವ ದಿನ. ಎಮ್ಮೆಯ ಕಿವಿಗೆ ಹಳದಿ ಬಿಲ್ಲೆ ಹೊಡೆದಿರುತ್ತಾರಲ್ಲ, ಅದರ ಮೇಲೂ ಹನ್ನೆರಡು ಅಂಕಿ ಇರುತ್ತವೆ, ನಮ್ಮ ಆಧಾರಿಗೆ ಇದ್ದಷ್ಟೇ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಎಂಟು-ಹತ್ತು ಮಂದಿ ಕೂತಿದ್ದರು. ಸತ್ತಿ ಆಯಿ, ಕಾಕಾ, ಮಾಸ್ತರು ಮುಂದಿನ ಸಾಲಿನಲ್ಲೇ.

ಬಿಳಿ ಶರ್ಟಿನವನೊಬ್ಬ ಒಳಗೆ ಬಂದ. ಕೊರಳಲ್ಲಿ ಪಟ್ಟಿ, ಪಟ್ಟಿಯ ತುದಿಯ ಕಾರ್ಡು ಜೇಬಿನೊಳಗೆ, ಕೈಯಲ್ಲಿ ಟ್ಯಾಬು.

“ಸಮೀಕ್ಷಾ ಐತ್ರಿ. ಮ್ಯಾಲಿಂದ ಆರ್ಡರ್. ನಿಮ್ಮ ಕಂಪ್ಯೂಟರಿನ್ಯಾಗ ಇರೋ ಎಲ್ಲಾರ ಹೆಸರು, ಆಧಾರ್, ಫೋನ್ ನಂಬರ್ ಪೆನ್‌ಡ್ರೈವಿಗೆ ಹಾಕಿ ಕೊಡ್ರಿ.”

“ಆರ್ಡರ್ ತೋರಸ್ರಿ.”

“ವಾಟ್ಸಾಪಿನ್ಯಾಗ ಬರ್ತೈತಿ.”

“ಬಂದ ಮ್ಯಾಲ ಬರ್ರಿ.”

“ಕೊಡಲಿಲ್ಲಂದ್ರ ಸಂಜೀಕ ನಿಮ್ಮ ಸೆಂಟರಿನ ಐಡಿ ಬಂದ್ ಆಗ್ತೈತಿ. ಆಮ್ಯಾಲ ನನಗ ಅನಬ್ಯಾಡ್ರಿ.”

ಸರಕಾರದ ಅರ್ಜಿಗಳನ್ನು ತೆರೆಯುವ ಆ ಐಡಿ ಹೋದರೆ ನಮ್ಮ ಅಂಗಡಿ ಬರೀ ಒಂದು ಕೋಣೆ. ಆದರೂ ಗತ್ತಿನಿಂದಲೇ ಹೇಳಿದೆ, “ನಮ್ಮ ಕಂಪ್ಯೂಟರಿನ್ಯಾಗ ಯಾರದೂ ಇಲ್ಲ.” ಹೇಳಿ ಗಂಡನ ಮುಖ ನೋಡಿದೆ. ಹಣೆಯ ಮೇಲೆ ಬೆವರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಆ ಬೆವರಿನ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ‘ಊರು’ ಅಳಿಸಿರಲಿಲ್ಲ. ಪರದೆಯ ನಟ್ಟನಡುವೆ ಹಳದಿಯಾಗಿ ಕೂತಿತ್ತು. ಬಿಳಿ ಶರ್ಟಿನವ ಆಗಲೇ ಮೇಜಿನ ಮೇಲೆ ಬಾಗಿ ಇಣುಕುತ್ತಿದ್ದ.

ಮೇಜಿನ ಕೆಳಗಿನ ಸ್ವಿಚ್ಚನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿದೆ. ಪರದೆ ಕಪ್ಪಾಯಿತು.

“ಕರೆಂಟ್ ಹೋತ್ರಿ.”

ಅವನು ತಲೆ ಎತ್ತಿದ. “ಫ್ಯಾನ್ ತಿರಗಾಕತ್ತೈತಲ್ರಿ?”

“ಅದು ಹಳೇ ಕರೆಂಟಿಂದ್ರಿ” ಅಂದರು ಕಾಕಾ, ಕಣ್ಣು ಮಿಟುಕಿಸದೆ.

ಅವನಿಗೆ ಜಿದ್ದು ಬಂತು. “ಹಂಗಾದ್ರ ಇಲ್ಲಿ ಕುಂತವ್ರದರೆ ಬರಕೊಂಡ ಹೋಗ್ತೀನಿ. ಅಜ್ಜಿ, ನಿಮ್ಮಿಂದನ ಶುರು ಮಾಡೂಣು.”

ಆಯಿ ಮೊದಲು ತಾನೇ ಕೇಳಿದಳು, “ನಿನ್ನ ನಂಬರ ಏನಪಾ?”

“ನಂದ್ಯಾಕ್ರಿ? ನಂದು ಪರ್ಸನಲ್ ಐತಿ.”

“ಹೌದಪಾ. ನಂದಷ್ಟ ಊರಿಗೆ ಹಂಚಾಕ ಐತಿ.”

ಆಮೇಲೆ ಆಯಿ ಒಮ್ಮೆ ನನ್ನ ಮುಖ ನೋಡಿದಳು. ಸೊಂಟದ ಸಂಚಿ ಬಿಚ್ಚಿ ಚೀಟಿ ತೆಗೆದು ಅವನ ಕೈಗೆ ಕೊಟ್ಟಳು. “ಹೆಸರು ಗಂಗವ್ವ, ಬರಕೋ. ನಂಬರ ಅದರಾಗ ಐತಿ.”

ಗಂಗವ್ವ ಆಯಿಯ ಎಮ್ಮೆ.

“ವಯಸ್ಸು?”

“ಆರು... ಅರವತ್ತು ಅಂತ ಬರಕೋ.”

“ಫೋನ್ ನಂಬರ್?”

ಆಯಿ ಹೊರಗೆ ಬೋರ್ಡಿನ ಕಡೆ ಬೆರಳು ತೋರಿಸಿದಳು. “ಅಗೋ, ಕೆಂಪಂದು.”

ಅದು ಎಲ್ಲರಿಗೂ ಅರ್ಥವಾಗಿ ಹೋಯಿತು. ಕಾಕಾ ಮನೆಯಾಕೆಯ ಹೆಸರೆಂದು ತಮ್ಮ ಎಮ್ಮೆ ಚಂದ್ರವ್ವನನ್ನು ಬರೆಸಿದರು. ಬದುಕಿನಲ್ಲಿ ಸುಳ್ಳಾಡದ ಮಾಸ್ತರು ಒಮ್ಮೆ ಗಂಟಲು ಸರಿಮಾಡಿಕೊಂಡು, “ಲಕ್ಷ್ಮೀಬಾಯಿ” ಎಂದು ಉಕ್ತಲೇಖನ ಹೇಳಿದಂತೆ ಎರಡೆರಡು ಸಲ ಹೇಳಿ ಬರೆಸಿದರು. ಎಲ್ಲರದೂ ಒಂದೇ ಫೋನ್ ನಂಬರು. ಅವನಿಗೆ ಬೇಕಾಗಿದ್ದು ತುಂಬಿದ ಪಟ್ಟಿ, ಅಷ್ಟೇ. ಊರಿನ ಕೊಟ್ಟಿಗೆಯನ್ನೆಲ್ಲ ಟ್ಯಾಬಿಗೆ ತುಂಬಿಕೊಂಡು ಖುಷಿಯಿಂದ ಹೋದ. ಅವನ ಗಾಡಿಯ ಸದ್ದು ದೂರಾಗುವವರೆಗೆ ಒಬ್ಬರೂ ನಗಲಿಲ್ಲ.

ಕಂಪ್ಯೂಟರ್ ಚಾಲೂ ಮಾಡಿ ಎಲ್ಲರ ಎದುರಿಗೇ ‘ಊರು’ ಅಳಿಸಿದೆ. ಕಡೆಯ ಗುಂಡಿಯನ್ನು ಕಾಕಾನ ಕೈಯಿಂದಲೇ ಒತ್ತಿಸಿದೆ. ನಮ್ಮ ಮನೆಯವರು ಮೂಲೆಯಲ್ಲಿ ನಿಂತು ಕಿವಿ ಹಿಡಿದುಕೊಂಡರು. ತಾಲೂಕು ಆಫೀಸಿಗೆ ಫೋನು ಮಾಡಿದರೆ, ಅಂಥ ಸಮೀಕ್ಷೆ ಯಾವುದೂ ಇಲ್ಲ ಅಂದರು. ಆದರೂ ಮರುದಿನ ಬೆಳಿಗ್ಗೆ ಬಾಗಿಲು ತೆಗೆದವಳೇ ಮೊದಲು ಐಡಿ ಒತ್ತಿದೆ. ತೆರೆಯಿತು. ಆಮೇಲೆಯೇ ಚಹಾಕ್ಕೆ ಹೇಳಿದೆ.

ವಾರದ ಮೇಲೆ ಗಂಡನ ಫೋನಿಗೆ ಮೆಸೇಜು ಬಂತು: ‘ಪ್ರಿಯ ಗಂಗವ್ವ, ತೂಕ ಇಳಿಸಬೇಕೇ?’

ಆಯಿಗೆ ಓದಿ ಹೇಳಿದೆ. ಆಕೆ ಸಿಡಿದೆದ್ದಳು. “ಯಾಕ ಇಳಸಬೇಕ? ಯಾವಂವ ಅಂವ, ನನ್ನ ಗಂಗವ್ವಗ ಕಣ್ಣ ಹಾಕಾಂವ?”

ಅವಳು ಅಲ್ಲಿರುವಾಗಲೇ ಫೋನು ಬಂತು. ಬೆಣ್ಣೆಯಂಥ ದನಿಯ ಹುಡುಗಿ. “ನಮಸ್ಕಾರ, ಗಂಗವ್ವ ಅವರಿದ್ದಾರಾ?”

ಆಯಿ ಫೋನು ಕಸಿದುಕೊಂಡಳು. “ಅದಾಳ. ಮೆಲಕ ಹಾಕಾಕತ್ತಾಳ.”

“ಊಟ ಮಾಡ್ತಿದ್ದಾರಾ? ಪರವಾಗಿಲ್ಲ ಮೇಡಂ. ಅವರಿಗೆ ನಮ್ಮ ಕಂಪನಿಯ ಆರೋಗ್ಯ ಕಾರ್ಡ್ ಬಂದಿದೆ. ಅವರದೊಂದು ಫೋಟೋ ಕಳಿಸಿ, ಸಾಕು. ಮುಖ ಸ್ಪಷ್ಟವಾಗಿ ಕಾಣಬೇಕು.”

ನಾನು ಬೇಡ ಅಂದೆ. ಆಯಿ ಕೇಳಲಿಲ್ಲ. “ಕಳಸ್ರಿ ವೈನಿ. ನಮಗ ಮುಚ್ಚಿಡೂದು ಐತಿ. ಆಕಿಗೇನೈತಿ?”

ನಮ್ಮ ಮನೆಯವರು ಕೊಟ್ಟಿಗೆಗೆ ಹೋಗಿ ಫೋಟೋ ತೆಗೆದರು. ಎದುರಿನಿಂದ, ಎರಡೂ ಕೋಡು, ಕಿವಿಯ ಹಳದಿ ಬಿಲ್ಲೆ ಸಮೇತ. ಕಳಿಸಿದೆವು. ಈಗ ಕಂಪನಿಯವರಿಗೆ ನಾಚಿಕೆಯಾಗಿ ಫೋನು ಮಾಡುವುದನ್ನೇ ಬಿಡುತ್ತಾರೆ ಅಂದುಕೊಂಡು ಕಾಕಾ, ಮಾಸ್ತರು, ನಾನು ತಲೆಗೆ ತಲೆ ಹಚ್ಚಿ ಕಾದೆವು. ಒಂದು ನಿಮಿಷವೂ ಆಗಲಿಲ್ಲ, ಉತ್ತರ ಬಂತು: ‘ಅಭಿನಂದನೆಗಳು ಗಂಗವ್ವ! ನಿಮ್ಮ ಮುಖ ಹೊಂದಿಕೆಯಾಗಿದೆ.’

ಅಂಗಡಿಯಲ್ಲಿ ನಕ್ಕವರ ಕಣ್ಣಲ್ಲೆಲ್ಲ ನೀರು. ಆಯಿ ಮಾತ್ರ ನಗಲಿಲ್ಲ. ಮೆಸೇಜನ್ನು ಮೂರು ಸಲ ಓದಿಸಿಕೊಂಡಳು, ಸೆರಗು ಝಾಡಿಸಿ ಎದ್ದಳು.

“ನೋಡ್ರಿ ವೈನಿ, ನನಗ ಏಳ ಸಲ ಬೇಕಾತು. ಆಕಿದು ಒಮ್ಮಿಗೇ ಪಾಸ್. ಮುಂದಿನ ವರ್ಷ ಪೆನ್ಶನ್ನಿಗೆ ಗಂಗವ್ವನ್ನ ಹೊಡಕೊಂಡ ಬರ್ತೀನಿ. ಸರಕಾರಕ್ಕ ಬೇಕಾದ್ರ ಕಣ್ಣನೂ ಆಕಿನ ಹೊಡೀಲಿ.”