ನೆಲಕ್ಕೆ ಕೊಟ್ಟ ಒಗ್ಗರಣೆ

ನಡುಮನೆಗೆ ಮರದ ನೆಲ ಹಾಸುವುದು ಸರಳವಾದ ಕೆಲಸವೆಂದು ನಾನು ದೃಢವಾಗಿ ನಂಬಿದ್ದೆ. ನೆಲ ಇದೆ, ಮರ ಸಿಗುತ್ತದೆ. ಒಂದರ ಮೇಲೆ ಇನ್ನೊಂದನ್ನು ಇಟ್ಟರಾಯಿತು. ಇದರಲ್ಲಿ ತಪ್ಪು ಮಾಡಲು ಅವಕಾಶವಾದರೂ ಎಲ್ಲಿದೆ?

ಅವಕಾಶವನ್ನು ನಾನೇ ಹುಡುಕಿಕೊಂಡೆ!

ನಾನು ಓದಿದ್ದು ಬೆಂಚುಗಳೇ ಇಲ್ಲದ ಶಾಲೆಯಲ್ಲಿ. ಗುರುಗಳು, ಮಕ್ಕಳು, ಅಡುಗೆಯವರು ಎಲ್ಲರೂ ಸಮಾನರೆಂಬ ತತ್ವಕ್ಕೆ ಬದ್ಧರಾಗಿ ಅಲ್ಲಿ ಎಲ್ಲರೂ ಸಭಾಂಗಣದ ಮರದ ನೆಲದ ಮೇಲೆಯೇ ಕೂರುತ್ತಿದ್ದೆವು. ನನ್ನ ಗೆಳತಿ ಶೈಲಾ ದಿನವೂ ತಡವಾಗಿ ಬರುತ್ತಿದ್ದಳು. ಅವಳು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಹಲಗೆಗಳು ಕಿರುಗುಟ್ಟಿ ಆ ಸುದ್ದಿಯನ್ನು ನನಗೆ ಮುಟ್ಟಿಸುತ್ತಿದ್ದವು. ನಾನು ತಿರುಗಿ ನೋಡದೆ ಪಕ್ಕಕ್ಕೆ ಸರಿದು ಜಾಗ ಮಾಡುತ್ತಿದ್ದೆ. ಆಮೇಲೆ ನಾನು ರಾಣೆಬೆನ್ನೂರಿಗೆ ಬಂದೆ, ಅವಳು ನಾಗಪುರಕ್ಕೆ ಹೋದಳು. ಈಗ ದಿನವೂ ಬೆಳಿಗ್ಗೆ ಅವಳಿಂದ ಮೊಬೈಲಿಗೆ ಒಂದು ಗುಲಾಬಿಯ ಚಿತ್ರ ಬರುತ್ತದೆ. ನಾನೊಂದು ಸೂರ್ಯೋದಯ ಕಳಿಸುತ್ತೇನೆ. ನಮ್ಮ ಮನೆಯ ಟೈಲ್ಸಿನ ಮೇಲೆ ಯಾರು ಬಂದರೂ ಸದ್ದಿಲ್ಲ. ಯಾರೂ ಬಾರದಿದ್ದರೂ ಅದೇ ಮೌನ.

ಈ ಬೇಸಿಗೆಯಲ್ಲಿ ಒಂದು ದಿನ ಗುಲಾಬಿಯ ಬದಲು ಅವಳ ಧ್ವನಿಯೇ ಬಂತು. "ಹಾವೇರ್ಯಾಗ ನಮ್ಮಣ್ಣನ ಮಗಳ ಮದುವಿ ಐತಿ. ಮುಗಿಸಿಕೊಂಡು ನಿಮ್ಮ ಮನಿಗೆ ಬರತೀನಿ. ಒಂದಿನ ವಸ್ತಿ ಇರತೀನಿ. ಮಾತಾಡೂದು ಭಾಳ ಉಳದೈತಿ."

ಆ ಕ್ಷಣವೇ ನಿರ್ಣಯ ಅಂಗೀಕರಿಸಿದೆ: ಅವಳು ಬರುವಷ್ಟರಲ್ಲಿ ನಡುಮನೆಗೆ ಮರದ ನೆಲವಿರಬೇಕು. ಅದರ ಮೇಲೆ ಕೂತು ನಾವಿಬ್ಬರೂ ಮಾತಾಡಬೇಕು.

"ಗಾದಿ ಹಾಸಿದರ ಸಾಲೂದಿಲ್ಲೇನು?" ಎಂದ ಶಂಕರ.

ಶಂಕರ ನನ್ನ ಪತಿ. 'ಯಜಮಾನರು' ಎಂಬ ಪದ ಒಡೆತನವನ್ನು ಸಾರುವುದರಿಂದ ಅದನ್ನು ನಮ್ಮ ಮನೆಯಿಂದ ಗಡೀಪಾರು ಮಾಡಿದ್ದೇನೆ. ಅಡುಗೆಯನ್ನು ಹೆಣ್ಣಿಗೇ ಅಂಟಿಸಿದ ಅನ್ಯಾಯವನ್ನೂ ಮದುವೆಯಾದ ಹೊಸದರಲ್ಲೇ ಸರಿಪಡಿಸಿದೆ. ಅಂದಿನಿಂದ ಒಲೆ ಅವನದು, ಭಾಷಣ ನನ್ನದು. ಈ ಸುಧಾರಣೆಯ ಫಲವನ್ನು ಮುಂದೆ ಕಾಣುವಿರಿ.

ಮೊದಲು ಹಾವೇರಿಯ ಒಂದು ಅಂಗಡಿಗೆ ಹೋದೆವು. ಅಲ್ಲಿದ್ದ ಮಾರಾಟಗಾರ ನನ್ನನ್ನು ದಾಟಿ ಶಂಕರನನ್ನು ಕೇಳಿದ, "ಸರ್, ಮೇಡಮ್ಮರಿಗೆ ಯಾವ ಕಲರ್ ಬೇಕಂತ್ರಿ?"

"ಮೇಡಮ್ಮರಿಗೆ ಬಾಯಿ ಐತಿ," ಎಂದೆ.

"ಅದು ಮಾತ್ರ ಖರೇ ಐತ್ರಿ," ಎಂದ ಶಂಕರ, ಅನುಭವಿಯ ಧ್ವನಿಯಲ್ಲಿ.

ಮಾರಾಟಗಾರ ಒಂದು ಹಲಗೆ ತಂದ. "ನೀರ ಬಿದ್ದರ ಏನೂ ಆಗಂಗಿಲ್ರಿ. ಗೆರಿ ಬೀಳಂಗಿಲ್ರಿ." ಅದನ್ನು ತಿರುವಿ ನೋಡಿದೆ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ, ಮೇಲೆ ಮರದ ಫೋಟೊ ಅಂಟಿಸಿದ್ದರು! ಇಂಥ ವಂಚನೆಯನ್ನು ಹೆಸರಿಡದೆ ಬಿಡುವುದು ನನ್ನ ಸ್ವಭಾವವಲ್ಲ.

"ತಮ್ಮಾ, ಇದು ಮರ ಅಲ್ಲ, ಮರದ ಭಾವಚಿತ್ರ. ಇದಕ್ಕೊಂದು ಹಾರ ಹಾಕಿ ಗ್ವಾಡಿಗೆ ತೂಗಹಾಕ್ರಿ."

ಮರುದಿನ ರಾಣೆಬೆನ್ನೂರಿನ ಕಟ್ಟಿಗೆ ಅಡ್ಡೆಗೆ ಹೋದೆವು. ಸಾಗವಾನಿ ಹಲಗೆಗಳು ಥಳಥಳಿಸುತ್ತಿದ್ದವು.

"ಇದು ಯಾವ ಕಾಡಿಂದು?" ಎಂದು ಮಾಲೀಕರನ್ನು ಕೇಳಿದೆ.

"ಕಾಡಿಂದಲ್ರೀ ಅಕ್ಕಾರ, ಲಾರ್ಯಾಗ ಬಂದದ್ದು."

ಅರಣ್ಯನಾಶದ ಬಗ್ಗೆ ಅಲ್ಲಿಯೇ ನಿಂತು ಮಾತಾಡಿದೆ. ಮಾಲೀಕರು ಪೂರ್ತಿ ಕೇಳಿ, ದೊಡ್ಡ ಮನಸ್ಸು ಮಾಡಿ ಚಹಾ ತರಿಸಿದರು. ಚಹಾ ಪ್ಲಾಸ್ಟಿಕ್ ಕಪ್ಪಿನಲ್ಲಿತ್ತು. ಎರಡನೆಯ ಭಾಷಣ ಅನಿವಾರ್ಯವಾಯಿತು!

ಪರದೇಶದ ಮರ ಹಡಗಿನ ಹೊಗೆ ಕುಡಿದು ಬರುತ್ತದೆಂದು ಬಿಟ್ಟೆ. ಬೇವು ನೆರಳು ಕೊಡುವ ಜೀವವೆಂದು ಬಿಟ್ಟೆ. ದಾರಿಯಲ್ಲಿ ಶಂಕರ ನಿಟ್ಟುಸಿರಿಟ್ಟ. "ಅಂದರ ನಮ್ಮ ಸೀಮಿದು, ಯಾರಿಗೂ ಅನ್ಯಾಯ ಮಾಡಲಾರದ್ದು, ತಾನಾಗೇ ಬಂದು ಮನ್ಯಾಗ ಬೀಳೂವಂಥ ಮರ ಬೇಕು. ವರಾನೂ ಹಿಂಗ ಹುಡುಕಿದ್ದರ ನಿನ್ನ ಲಗ್ನಾನ ಆಗತಿರಲಿಲ್ಲ."

ಆದರೆ ಅಂಥ ಮರ ಸಿಕ್ಕಿತು! ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬುತ್ತಿದ್ದ ಒಂದು ಹಳೆಯ ಗೋದಾಮನ್ನು ಕೆಡವುತ್ತಿದ್ದರು. ಅದರ ಅಟ್ಟದ ಹಲಗೆಗಳು ಅಂಗಳದಲ್ಲಿ ಬಿದ್ದಿದ್ದವು. ಹೊಸದಾಗಿ ಮರ ಕಡಿಯಬೇಕಿಲ್ಲ, ದೂರದಿಂದ ತರಬೇಕಿಲ್ಲ. ನನ್ನ ಸಿದ್ಧಾಂತಗಳೆಲ್ಲ ಒಂದೇ ರಾಶಿಯಲ್ಲಿ ಮಲಗಿದ್ದವು.

"ಮತ್ತಿ ಕಟಗಿ ಅಕ್ಕಾರ," ಎಂದರು ಗೋದಾಮಿನ ಸಾವುಕಾರರು. "ನಮ್ಮಜ್ಜ ಹಾಕಿಸಿದ್ದು. ಇವತ್ತಿನ ತನಕ ಒಂದು ಹುಳ ಮುಟ್ಟಿಲ್ಲ ನೋಡ್ರಿ!"

ಹುಳು ಏಕೆ ಮುಟ್ಟಿಲ್ಲವೆಂದು ನಾನು ಕೇಳಲಿಲ್ಲ. ಹುಳುವಿಗಿದ್ದ ವಿವೇಕ ನನಗಿರಲಿಲ್ಲ!

ಬಡಿಗೇರ ಮೌನೇಶಪ್ಪ ಬಂದು ಕೆಳಗೆ ಪಟ್ಟಿ ಕೊಟ್ಟು ಹಲಗೆ ಜೋಡಿಸಿದರು. ಹೆಜ್ಜೆ ಮಾತಾಡಬೇಕೆಂದು ಅಡಿಯಲ್ಲಿ ಪೊಳ್ಳು ಬಿಡಿಸಿದೆ. "ಅಕ್ಕಾರ, ರಂದಾ ಹೊಡದು ಮ್ಯಾಲಿನ ಪದರ ತಗದಬಿಡತೀನ್ರಿ," ಎಂದರು. ನಾನು ತಡೆದೆ. ಆ ಸವೆತ ಚೀಲ ಹೊತ್ತವರ, ತೊಟ್ಟು ಬಿಡಿಸಿದ ಹೆಣ್ಣುಮಕ್ಕಳ ಹೆಜ್ಜೆಗಳದು. ಶ್ರಮದ ಇತಿಹಾಸಕ್ಕೆ ರಂದಾ ಹೊಡೆಯುವುದು ಅಪಚಾರ.

"ಹೊಡಿಯಂಗಿಲ್ಲ ಬಿಡ್ರಿ. ನನಗೂ ಕೆಲಸ ಉಳೀತು."

ಪಾಲಿಶ್ ವಿಷವೆಂದು ಅದನ್ನೂ ನಿರಾಕರಿಸಿದೆ. ಬದಲಿಗೆ ನಮ್ಮ ನೆಲದ ಕುಸುಬಿ ಎಣ್ಣೆ ಸವರಬೇಕೆಂದು ವಿಧಿಸಿದೆ.

"ಭಾಳ ಚಲೋ ಆಕ್ಕೈತ್ರಿ. ನಾ ಗ್ಯಾರಂಟಿ!" ಎಂದರು ಮೌನೇಶಪ್ಪ.

ಶಂಕರ ಅಡುಗೆಮನೆಯಿಂದ ಇಣುಕಿದ. "ಎಣ್ಣೀನ? ಅಲ್ಲ, ಮೆಣಸಿನಕಾಯಿಗೆ ಎಣ್ಣಿ ಬಿದ್ದರ..."

"ಇದು ತಾಂತ್ರಿಕ ವಿಷಯ," ಎಂದೆ.

ಎಣ್ಣೆ ಬಿದ್ದದ್ದೇ ನೆಲಕ್ಕೆ ಮುಳುಗುವ ಸೂರ್ಯನ ಬಣ್ಣ ಬಂತು. ಮೊದಲ ಬಾರಿ ಅದರ ಮೇಲೆ ನಡೆದಾಗ ಹಲಗೆ ಸಣ್ಣಗೆ ಉಲಿಯಿತು. ನನ್ನ ಕಣ್ಣು ತುಂಬಿತು. ಮೂಗೂ ತುಂಬಿತು. ಇದು ಹಳೆಯ ನೆನಪಿನ ಆರ್ದ್ರತೆ ಎಂದೇ ಭಾವಿಸಿದೆ.

ಶೈಲಾ ಬರುವ ದಿನ ಬಿಸಿಲು ನಡುಮನೆಯ ತುಂಬ ಹರಡಿತ್ತು. ಅವಳು ತಡವಾಗಿಯೇ ಬಂದಳು. ಬಾಗಿಲಲ್ಲಿ ಶಂಕರ ಕಾಲಿಗೆ ನೀರು ಕೊಟ್ಟದ್ದು ಕೇಳಿಸಿತು. ನಾನು ಬೇಕೆಂದೇ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದೆ. ಹಲಗೆಗಳು ಸುದ್ದಿ ಮುಟ್ಟಿಸಿದವು. ಹೆಜ್ಜೆ ಈಗ ನಿಧಾನವಾಗಿತ್ತು, ಒಂದು ಕಾಲು ತುಸು ಎಳೆಯುತ್ತಿತ್ತು, ಆದರೂ ಅವಳದೇ. ನಾನು ತಿರುಗಿ ನೋಡದೆ ಪಕ್ಕಕ್ಕೆ ಸರಿದೆ. ಅವಳು ಬಂದು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಳು. ಇಬ್ಬರಿಗೂ ಮಾತು ಹೊರಡಲಿಲ್ಲ.

ಸೀನು ಹೊರಟಿತು!

ಅವಳು ಸೀನಿದಳು. ನಾನು ಸೀನಿದೆ. ಅವಳು ಮತ್ತೆ ಸೀನಿದಳು.

"ಅಲ್ಲಲೇ, ಇದೇನು ನಡುಮನಿನೋ, ಮಸಾಲಿ ಡಬ್ಬಿನೋ?"

"ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ," ಎಂದು ಸೀನುತ್ತಲೇ ಸಮರ್ಥಿಸಿಕೊಂಡೆ.

ಬಣ್ಣದ ಮಾತು ಸುಳ್ಳಾಗಲಿಲ್ಲ. ಅವಳು ಎದ್ದು ನಿಂತಾಗ ಬಿಳಿ ಸೀರೆಯ ಹಿಂಭಾಗ ಕೆಂಪಾಗಿತ್ತು. ಅಂಗೈ ಕೆಂಪು, ಅಂಗಾಲು ಕೆಂಪು. ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲಿನದನ್ನು ವರ್ಣಿಸುವ ಧೈರ್ಯ ನನಗಿಲ್ಲ!

ಶಂಕರ ಸೌಟು ಹಿಡಿದು ಓಡಿಬಂದ. ನೆಲವನ್ನು ಮೂಸಿ ತೀರ್ಪು ಕೊಟ್ಟ: "ಬಿಸಲಿನ ಕಾವು, ಕುಸುಬಿ ಎಣ್ಣಿ, ಮೆಣಸಿನಕಾಯಿ ಪುಡಿ. ಇದಕ್ಕ ನಮ್ಮ ಇಲಾಖೆದಾಗ ಒಗ್ಗರಣಿ ಅಂತಾರ. ಸಾಸವಿ ಒಂದು ಕಮ್ಮಿ ಬಿದ್ದೈತಿ."

ನಾವಿಬ್ಬರೂ ಗೋಡೆ ಹಿಡಿದು ನಕ್ಕೆವು. ನಗುತ್ತಲೇ ಅತ್ತೆವು. ಆ ಕಣ್ಣೀರಿನಲ್ಲಿ ಎಷ್ಟು ನಮ್ಮ ಪಾಲು, ಎಷ್ಟು ಬ್ಯಾಡಗಿಯ ಪಾಲು ಎಂಬುದು ತಿಳಿಯುವ ಮೊದಲೇ ಅವಳ ಉಸಿರು ಸಿಳ್ಳೆ ಹಾಕತೊಡಗಿತು. ಅವಳನ್ನು ಅಂಗಳಕ್ಕೆ ಕರೆದೊಯ್ದು ಕೂರಿಸಿದೆವು.

"ನನಗ ದಮ್ಮು ಐತಿ," ಎಂದಳು ಸ್ವಲ್ಪ ಸುಧಾರಿಸಿಕೊಂಡು. "ಭಾಳ ವರ್ಷ ಆತು."

ಅಷ್ಟು ಗುಲಾಬಿಗಳಲ್ಲಿ ಅವಳು ಇದನ್ನು ಹೇಳಿರಲಿಲ್ಲ. ಅಷ್ಟು ಸೂರ್ಯೋದಯಗಳಲ್ಲಿ ನಾನು ಕೇಳಿರಲಿಲ್ಲ.

ವಸ್ತಿ ಇರುವುದು ಸಾಧ್ಯವಿರಲಿಲ್ಲ. ಸಂಜೆಯ ಬಸ್ಸಿಗೆ ಹಾವೇರಿಯ ಅಣ್ಣನ ಮನೆಗೆ ಹೊರಟಳು. ಚೀಲ ತರಲು ತಾನೇ ಒಮ್ಮೆ ನಡುಮನೆಗೆ ಹೋಗಿ ಬಂದವಳು ಗೇಟಿನಲ್ಲಿ ನನ್ನ ಕೈ ಹಿಡಿದಳು.

"ತಿರಿಗಿ ನೋಡಲಾರದ ಸರದು ಕುಂತಿ ನೋಡು. ನೀ ಇನ್ನೂ ಹಂಗ ಇದ್ದಿ."

ಆಟೋ ಹೋಯಿತು. ನಡುಮನೆಯಿಂದ ಪಡಸಾಲೆಯ ಬಿಳಿ ಟೈಲ್ಸ್ ದಾಟಿ ಮೆಟ್ಟಿಲವರೆಗೆ ಅವಳ ಕೆಂಪು ಹೆಜ್ಜೆಗಳು ಮೂಡಿದ್ದವು. ಒಂದು ಕಾಲಿನ ಗುರುತು ತುಸು ಎಳೆದಂತಿತ್ತು. ಶಂಕರ ಒರೆಸುವ ಬಟ್ಟೆ ತಂದ.

"ಲಕ್ಷ್ಮೀ ಹೆಜ್ಜಿ ಒಳಗ ಬರಬೇಕು. ಇವು ನೋಡಿದರ ಹೊರಗ ಹೊಂಟಾವು."

"ಅದು ಮೂಢನಂಬಿಕೆ."

"ಹಂಗಾದರ ಒರಸಲೇನು?"

"ಬ್ಯಾಡ," ಎಂದೆ.

ಮೌನೇಶಪ್ಪ ಮತ್ತೆ ಬಂದು ಇತಿಹಾಸಕ್ಕೆಲ್ಲ ರಂದಾ ಹೊಡೆದು ಹೋಗಿದ್ದಾರೆ. ನೆಲ ಈಗ ಸೌಮ್ಯವಾಗಿದೆ. ಶೈಲಾಳಿಂದ ಮತ್ತೆ ಗುಲಾಬಿಗಳು ಬರುತ್ತಿವೆ. ಪಡಸಾಲೆಯ ಹೆಜ್ಜೆಗಳು ಮಾತ್ರ ಹಾಗೆಯೇ ಇವೆ. ಬಾಗಿಲಲ್ಲಿ ಹೆಜ್ಜೆ ಬರೆಯುವ ಸಂಪ್ರದಾಯವನ್ನು ವೇದಿಕೆಗಳ ಮೇಲೆ ಖಂಡಿಸಿದವಳು ನಾನು. ಈಗ ಬಂದವರಿಗೆಲ್ಲ, "ಅಲ್ಲಿ ತುಳೀಬ್ಯಾಡ್ರಿ, ಸುತ್ತು ಹಾಕಿ ಬರ್ರಿ," ಎನ್ನುತ್ತೇನೆ.

ಏಕೆಂದು ಯಾರಾದರೂ ಕೇಳಿದರೆ, ಸೀನು ಬಂದವಳಂತೆ ಮುಖ ಮುಚ್ಚಿಕೊಳ್ಳುತ್ತೇನೆ.